ಸಾವಿರ ಹಾಸಿಗೆಯ ಹಡಗು ಮತ್ತು ಧಕ್ಕೆ ಇಲ್ಲದ ಊರು

ಆಸ್ಪತ್ರೆ ಹಡಗಿನ ಸುದ್ದಿಯಲ್ಲಿ ಹಾಸಿಗೆಗಳ ಲೆಕ್ಕ ತಪ್ಪದೆ ಇರುತ್ತದೆ. ಅಮೆರಿಕದ ‘ಮರ್ಸಿ’ ಮತ್ತು ‘ಕಂಫರ್ಟ್’ ಎಂದರೆ ತಲಾ ಸಾವಿರ ಹಾಸಿಗೆ, 12 ಶಸ್ತ್ರಚಿಕಿತ್ಸಾ ಕೊಠಡಿ. ಚೀನಾದ ‘ಪೀಸ್ ಆರ್ಕ್’ ಎಂದರೆ 300 ಹಾಸಿಗೆ. ಚೀನಾದ ಆ ಬಿಳಿ ಹಡಗು ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕಾದ ಬಂದರುಗಳಿಗೆ ಹೋಗಿಬಂದಾಗಲೆಲ್ಲ ನಮ್ಮಲ್ಲೊಂದು ಪ್ರಶ್ನೆ ಏಳುತ್ತದೆ: ಭಾರತಕ್ಕೆ ಇಂಥದ್ದೊಂದು ಏಕಿಲ್ಲ? ಚೀನಾ ಈಗ ‘ಸಿಲ್ಕ್ ರೋಡ್ ಆರ್ಕ್’ ಎಂಬ ಎರಡನೆಯದನ್ನೂ ನೀರಿಗಿಳಿಸಿರುವುದರಿಂದ ಆ ಪ್ರಶ್ನೆಯ ದನಿ ಇನ್ನಷ್ಟು ಏರಿದೆ.

ನಾನು ವೈದ್ಯನಲ್ಲ. ನೌಕಾಪಡೆಯಲ್ಲಿ ಚುಕ್ಕಾಣಿ ಹಿಡಿದು, ಹಗ್ಗ ಎಳೆದು, ದೋಣಿ ಇಳಿಸಿ ಏರಿಸಿ ನಿವೃತ್ತನಾದವನು. ನನ್ನಂಥವನ ಕಣ್ಣು ಹಾಸಿಗೆಗಿಂತ ಮೊದಲು ಬೇರೆ ಅಂಕಿಗಳ ಮೇಲೆ ಬೀಳುತ್ತದೆ. ಈ ಹಡಗಿಗೆ ಎಷ್ಟು ಆಳದ ನೀರು ಬೇಕು? ಅಷ್ಟು ಆಳವಿರುವ ಧಕ್ಕೆ, ಅಂದರೆ ಹಡಗು ಬಂದು ಕಟ್ಟಿಕೊಂಡು ನಿಲ್ಲುವ ಕಟ್ಟೆ, ಎಷ್ಟು ಊರುಗಳಲ್ಲಿದೆ? ಧಕ್ಕೆ ಇಲ್ಲದ ಕಡೆ ಹೊರಗೆ ಲಂಗರು ಹಾಕಿ ನಿಂತರೆ, ಸ್ಟ್ರೆಚರಿನಲ್ಲಿ ಮಲಗಿರುವ ಮನುಷ್ಯ ದೋಣಿಯಿಂದ ಹಡಗಿನೊಳಕ್ಕೆ ಬರುವುದು ಹೇಗೆ? ಆಸ್ಪತ್ರೆ ಹಡಗುಗಳ ಯಶಸ್ಸು, ವೈಫಲ್ಯ ಬಹುಪಾಲು ಈ ಮೂರನೆಯ ಪ್ರಶ್ನೆಯಲ್ಲೇ ತೀರ್ಮಾನವಾಗಿದೆ ಎಂಬುದು ನನ್ನ ವಾದ.

ಮರ್ಸಿ ಮತ್ತು ಕಂಫರ್ಟ್ ಹುಟ್ಟಿನಿಂದ ಆಸ್ಪತ್ರೆಗಳಲ್ಲ. 1970ರ ದಶಕದಲ್ಲಿ ಸ್ಯಾನ್ ಡಿಯಾಗೋದ ಹಡಗುಕಟ್ಟೆಯಲ್ಲಿ ಕಟ್ಟಿದ ಎಣ್ಣೆ ಟ್ಯಾಂಕರುಗಳು ಅವು. ಮುಂದೆ ಅವನ್ನು ಆಸ್ಪತ್ರೆಗಳಾಗಿ ಮಾರ್ಪಡಿಸಿ 1986 ಮತ್ತು 1987ರಲ್ಲಿ ಅಮೆರಿಕದ ನೌಕಾಪಡೆಗೆ ಒಪ್ಪಿಸಲಾಯಿತು. ಉದ್ದ 272 ಮೀಟರ್, ಅಗಲ 32 ಮೀಟರ್, ತೂಕ ಸುಮಾರು 69,000 ಟನ್, ನೀರಿನೊಳಗೆ ಮುಳುಗಿರುವ ಭಾಗವೇ 10 ಮೀಟರ್. ಉಗಿ ಟರ್ಬೈನಿನಿಂದ ತಿರುಗುವ ಪ್ರೊಪೆಲ್ಲರ್ ಒಂದೇ ಒಂದು. ಎಷ್ಟೇ ಅವಸರವಿದ್ದರೂ ವೇಗ 17.5 ನಾಟ್ (ಗಂಟೆಗೆ ಸುಮಾರು 32 ಕಿ.ಮೀ.) ದಾಟುವುದಿಲ್ಲ.

ಈ ಅಂಕಿಗಳನ್ನು ಬ್ರಿಜ್ ಮೇಲೆ, ಹಡಗು ನಡೆಸುವವರ ಜಾಗದಲ್ಲಿ, ನಿಂತು ಓದಬೇಕು. ಎಣ್ಣೆ ತುಂಬಿದ ಟ್ಯಾಂಕರ್ ನೀರಿನಲ್ಲಿ ಆಳವಾಗಿ ಕೂರುತ್ತದೆ. ಗಾಳಿಗೆ ಸಿಗುವ ಮೈ ಕಡಿಮೆ. ಅದೇ ಒಡಲಿನ ಮೇಲೆ ವಾರ್ಡು, ಕೊಠಡಿ, ಹೆಲಿಕಾಪ್ಟರ್ ಅಂಕಣ ಎಂದು ಅಂತಸ್ತುಗಳನ್ನು ಏರಿಸಿದರೆ ಪಕ್ಕವೆಲ್ಲ ಗೋಡೆಯಾಗುತ್ತದೆ. ಗಾಳಿ ಅಡ್ಡಡ್ಡ ಬೀಸಿದಾಗ, 25 ನಾಟ್ ವೇಗದಲ್ಲಿ, ಪ್ರತಿ ಸಾವಿರ ಚದರ ಮೀಟರ್ ಗೋಡೆಯ ಮೇಲೆ ಸುಮಾರು 9 ಟನ್ ಒತ್ತಡ ಬೀಳುತ್ತದೆ. ಇಂಥ ಹಡಗಿನ ಪಕ್ಕ ಕೆಲವು ಸಾವಿರ ಚದರ ಮೀಟರ್ ಇರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಸಮುದ್ರದ ಮಧ್ಯೆ ಇದರಿಂದ ದೊಡ್ಡ ತೊಂದರೆಯಿಲ್ಲ. ಬಂದರಿನ ಬಾಯಿಯಲ್ಲಿ ವೇಗ ಇಳಿಸುತ್ತಿದ್ದಂತೆ ಚುಕ್ಕಾಣಿಯ ಹಿಡಿತ ಸಡಿಲವಾಗುತ್ತದೆ, ಗಾಳಿಯ ಹಿಡಿತ ಬಿಗಿಯಾಗುತ್ತದೆ. ಎರಡು ಪ್ರೊಪೆಲ್ಲರುಗಳ ಯುದ್ಧನೌಕೆಯಾದರೆ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ನಿಂತಲ್ಲೇ ಮೂತಿ ತಿರುಗಿಸಿಕೊಳ್ಳುತ್ತದೆ. ಒಂಟಿ ಪ್ರೊಪೆಲ್ಲರಿನದಕ್ಕೆ ಆ ಭಾಗ್ಯವಿಲ್ಲ. ಹಿಂದಕ್ಕೆ ಕೊಟ್ಟರೆ ಚುಕ್ಕಾಣಿ ಹೆಚ್ಚು ಕಡಿಮೆ ಸತ್ತಂತೆ. ಜೊತೆಗೆ, ಬಲಕ್ಕೆ ಸುತ್ತುವ ಸಾಮಾನ್ಯ ಪ್ರೊಪೆಲ್ಲರ್ ಹಿಂದಕ್ಕೆ ತಿರುಗಿದಾಗ ಹಡಗಿನ ಬಾಲವನ್ನು ಎಡಕ್ಕೆ ಎಳೆಯುತ್ತದೆ. ಉಗಿ ಟರ್ಬೈನಿಗೆ ಇನ್ನೊಂದು ಕೊರತೆ: ಅದನ್ನೇ ಉಲ್ಟಾ ತಿರುಗಿಸಲಾಗದು. ಹಿಂದಕ್ಕೆ ಹೋಗಲು ಬೇರೆಯದೇ ಒಂದು ಸಣ್ಣ ಟರ್ಬೈನ್ ಇರುತ್ತದೆ, ಉಗಿಯನ್ನು ಅತ್ತ ಹೊರಳಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಶಕ್ತಿಯೂ ಕಡಿಮೆ. ಡೀಸೆಲ್ ಹಡಗಿನಿಂದ ಉಗಿ ಹಡಗಿಗೆ ಬಂದ ಅಧಿಕಾರಿ ಮೊದಲು ಕಲಿಯುವುದೇ ಬ್ರೇಕಿನ ಆಜ್ಞೆಯನ್ನು ತುಂಬ ಮುಂಚಿತವಾಗಿ ಕೊಡುವುದನ್ನು.

ಆದ್ದರಿಂದಲೇ ಇಂಥ ಹಡಗಿಗೆ ಅದನ್ನು ಎಳೆದು ತಳ್ಳುವ ಟಗ್‌ ದೋಣಿಗಳು ಬೇಕು, ಊರಿನ ನೀರು ಬಲ್ಲ ಪೈಲಟ್ ಬೇಕು, ಆಳ ಅಳೆದಿಟ್ಟ ನಕ್ಷೆ ಬೇಕು, ದಾರಿ ತೋರಲು ತೇಲಿಬಿಟ್ಟ ಬೋಯಾಗಳು ತಮ್ಮ ಜಾಗದಲ್ಲೇ ಇರಬೇಕು. ಈಗ ಯೋಚಿಸಿ. ಆಸ್ಪತ್ರೆ ಹಡಗನ್ನು ಕರೆಸುವುದು ಭೂಕಂಪವೋ ಸುನಾಮಿಯೋ ಚಂಡಮಾರುತವೋ ಹೊಡೆದ ಊರಿಗೆ. ಅಲ್ಲಿ ಟಗ್ ದಡ ಹತ್ತಿ ಕೂತಿರುತ್ತದೆ, ಪೈಲಟ್ ತನ್ನ ಮನೆಯವರನ್ನು ಹುಡುಕುತ್ತಿರುತ್ತಾನೆ, ಬೋಯಾಗಳು ತೇಲಿ ಹೋಗಿರುತ್ತವೆ, ನಕ್ಷೆಯಲ್ಲಿ 12 ಮೀಟರ್ ಎಂದಿದ್ದ ಕಡೆ ಮುಳುಗಿದ ಕಂಟೇನರ್ ಬಿದ್ದಿರುತ್ತದೆ.

ಹೈಟಿಯಲ್ಲಿ ಆದದ್ದು ಇದೇ. 2010ರ ಜನವರಿ 12ರಂದು ಭೂಕಂಪವಾಯಿತು. ಕಂಫರ್ಟ್ 16ರಂದು ಬಾಲ್ಟಿಮೋರ್ ಬಿಟ್ಟು 20ರಂದು ಪೋರ್ಟೋಪ್ರಿನ್ಸ್ ತಲುಪಿತು. ಬಂದರಿನ ಧಕ್ಕೆ ಕುಸಿದಿತ್ತು, ಕ್ರೇನು ನೀರಿನಲ್ಲಿತ್ತು. ಹಡಗು ಹೊರಗೆ ಕೊಲ್ಲಿಯಲ್ಲಿ ನಿಂತಿತು. ಕೊಲ್ಲಿಯನ್ನು ಮುಟ್ಟುವ ಮೊದಲೇ ಮೊದಲ ರೋಗಿಗಳು ಹೆಲಿಕಾಪ್ಟರಿನಲ್ಲಿ ಬಂದಿಳಿದಿದ್ದರು. ಆಮೇಲಿನ ವಾರಗಳಲ್ಲಿ ಆ ಹಡಗಿನಲ್ಲಿ ನೂರಾರು ಶಸ್ತ್ರಚಿಕಿತ್ಸೆಗಳು ನಡೆದವು. ಮೂಳೆ ಪುಡಿಯಾದವರು, ಕೈಕಾಲು ಕಳೆದುಕೊಂಡವರು. ಒಳಗಿದ್ದ ವೈದ್ಯರ ಶ್ರಮಕ್ಕೆ ಯಾರೂ ಕೊಂಕು ನುಡಿಯಲಾರರು. ಆದರೆ ಅವಶೇಷದಡಿ ಸಿಕ್ಕು ನಜ್ಜುಗುಜ್ಜಾದವನಿಗೆ ಮೊದಲ ಎರಡು ಮೂರು ದಿನಗಳೇ ಮುಖ್ಯ. ಹಡಗು ಬಂದದ್ದು ಎಂಟನೆಯ ದಿನ, ಅದೂ ಹತ್ತಿರದ ದೇಶದಿಂದ. ಬಂದ ಮೇಲೆಯೂ ಎಷ್ಟು ಜನ ಒಳಗೆ ಬರಬಹುದೆಂಬುದನ್ನು ನಿರ್ಧರಿಸಿದ್ದು ಹೆಲಿಕಾಪ್ಟರಿನ ಸರದಿ ಮತ್ತು ದೋಣಿಯ ಓಡಾಟ.

ದೋಣಿಯ ವಿಷಯಕ್ಕೆ ಬರೋಣ. ದಡದಲ್ಲಿ ಕೂತವರಿಗೆ ಇದು ಅರ್ಥವಾಗುವುದು ಕಷ್ಟ, ಏಕೆಂದರೆ ಟಿವಿಯಲ್ಲಿ ತೋರಿಸುವಾಗ ಸಮುದ್ರ ಯಾವಾಗಲೂ ಶಾಂತವಾಗಿರುತ್ತದೆ. 69,000 ಟನ್ನಿನ ಹಡಗು ಒಂದೂವರೆ ಮೀಟರಿನ ತೆರೆಗೆ ಕದಲುವುದೇ ಇಲ್ಲ. ಪಕ್ಕಕ್ಕೆ ಬಂದ ದೋಣಿ ಮಾತ್ರ ಅಷ್ಟೂ ಏರುತ್ತದೆ, ಅಷ್ಟೂ ಇಳಿಯುತ್ತದೆ. ಕೈಕಾಲು ಗಟ್ಟಿಯಿರುವ ನಾವಿಕ ದೋಣಿ ತೆರೆಯ ನೆತ್ತಿಗೆ ಬಂದ ಕ್ಷಣ ನೋಡಿ ಏಣಿಗೆ ಹಾರುತ್ತಾನೆ. ತಡವರಿಸಿದರೆ ಹಡಗಿಗೂ ದೋಣಿಗೂ ನಡುವೆ ಕಾಲು. ಸ್ಟ್ರೆಚರಿನಲ್ಲಿ ಕಟ್ಟಿ ಮಲಗಿಸಿದವನು ಹಾರುವುದು ಎಲ್ಲಿಂದ ಬಂತು? ಆಗ ಉಳಿಯುವುದು ಎರಡು ದಾರಿ. ಹಡಗಿನ ಪಕ್ಕದಲ್ಲಿ ನೀರಿಗೆ ಹತ್ತಿರವಿರುವ ಬಾಗಿಲು ತೆರೆದು ಅಲ್ಲಿಂದ ಕೈಗೆ ಕೈ ದಾಟಿಸುವುದು ಒಂದು. ದೋಣಿಯನ್ನೇ ಜನರ ಸಮೇತ ಮೇಲಕ್ಕೆ ಎತ್ತುವುದು ಇನ್ನೊಂದು. ಎತ್ತುವಾಗ ದೋಣಿಯ ಮುಂದಿನ ಕೊಕ್ಕೆಯೂ ಹಿಂದಿನ ಕೊಕ್ಕೆಯೂ ಒಟ್ಟಿಗೆ ಸಿಕ್ಕಬೇಕು, ಒಟ್ಟಿಗೆ ಬಿಗಿಯಬೇಕು. ಒಂದು ಜಾರಿದರೆ ದೋಣಿ ಇನ್ನೊಂದರಿಂದ ತಲೆಕೆಳಗಾಗಿ ನೇತಾಡುತ್ತದೆ. ಸಮುದ್ರದಲ್ಲಿ ಕೆಲಸ ಮಾಡಿದ ಯಾರನ್ನೇ ಕೇಳಿ, ಬಿರುಗಾಳಿಗಿಂತ ಹೆಚ್ಚು ಭಯಪಟ್ಟದ್ದು ಈ ಕೊಕ್ಕೆಗಳಿಗೆ ಎನ್ನುತ್ತಾರೆ.

2022ರ ಡಿಸೆಂಬರಿನಲ್ಲಿ ಇದೇ ಕಂಫರ್ಟ್ ಹೈಟಿಯ ಜೆರೆಮಿ ಪಟ್ಟಣದ ಹೊರಗೆ ನಿಂತಿದ್ದಾಗ, ಸಣ್ಣ ದೋಣಿಯಿಂದ ಹಡಗಿಗೆ ಹತ್ತುವಾಗ 19 ಮಂದಿ ನೀರಿಗೆ ಬಿದ್ದರು. ಎಲ್ಲರನ್ನೂ ಮೇಲೆತ್ತಲಾಯಿತು. ಅವರು ರೋಗಿಗಳಲ್ಲ, ಸಮುದ್ರಯಾನಕ್ಕೆಂದೇ ಬಂದ ಸಿಬ್ಬಂದಿ. ಆ ಜಾಗದಲ್ಲಿ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳು ಇದ್ದಿದ್ದರೆ ಎಂದು ಯೋಚಿಸಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ.

ಇಲ್ಲಿ ಕ್ಯಾಪ್ಟನ್ನಿನ ಕೈಚಳಕಕ್ಕೆ ಬೆಲೆ. ಹಡಗನ್ನು ಗಾಳಿಗೆ ಓರೆಯಾಗಿ ನಿಲ್ಲಿಸಿದರೆ ಒಂದು ಮಗ್ಗುಲಿನಲ್ಲಿ ಗಾಳಿಯ ಮರೆ ಸಿಗುತ್ತದೆ, ಅಲ್ಲಿ ನೀರು ಸ್ವಲ್ಪ ಶಾಂತವಾಗುತ್ತದೆ, ದೋಣಿ ಅಲ್ಲಿಗೆ ಬರುತ್ತದೆ. ಹೇಳಲು ಸುಲಭ. ಲಂಗರು ಹಾಕಿದ ಹಡಗು ತಾನಾಗಿ ಗಾಳಿಗೋ ಪ್ರವಾಹಕ್ಕೋ ಮೂತಿ ಕೊಟ್ಟು ನಿಲ್ಲುವುದರಿಂದ ಎರಡೂ ಮಗ್ಗುಲು ಒಂದೇ ರೀತಿ ತೆರೆದಿರುತ್ತವೆ. ಅದರ ಜೊತೆಗೆ, ಎಲ್ಲೋ ದೂರದ ಚಂಡಮಾರುತ ಎಬ್ಬಿಸಿದ ಉದ್ದ ತೆರೆ ಗಾಳಿಗೆ ಸಂಬಂಧವೇ ಇಲ್ಲದ ದಿಕ್ಕಿನಿಂದ ಬರುತ್ತಿರುತ್ತದೆ. ಲಂಗರು ಎತ್ತಿ, ಎಂಜಿನ್ನಿನ ಬಲದಲ್ಲಿ ನಿಧಾನಕ್ಕೆ ಓರೆ ಹಿಡಿದು ನಿಲ್ಲಬಹುದು. ಒಂಟಿ ಪ್ರೊಪೆಲ್ಲರಿನ ದೈತ್ಯ ಅಂಥ ಸೂಕ್ಷ್ಮ ಕೆಲಸಕ್ಕೆ ಒಗ್ಗುವುದಿಲ್ಲ. ಹೆಲಿಕಾಪ್ಟರಿಗಾದರೂ ಗಾಳಿ ಎದುರಿನಿಂದ ಸ್ವಲ್ಪ ಓರೆಯಾಗಿ ಬರಬೇಕು. ದೋಣಿಗೆ ಬೇಕಾದ ದಿಕ್ಕು, ಹೆಲಿಕಾಪ್ಟರಿಗೆ ಬೇಕಾದ ದಿಕ್ಕು ಹೊಂದದಿದ್ದಾಗ ಒಂದನ್ನು ನಿಲ್ಲಿಸಲೇಬೇಕು.

ಮೂರನೆಯ ಗಿರಾಕಿ ಒಳಗಿರುತ್ತಾನೆ: ಕತ್ತಿ ಹಿಡಿದ ಶಸ್ತ್ರವೈದ್ಯ. ಅವನಿಗೆ ಹಡಗು ಅಲುಗಬಾರದು. ಅಲುಗಾಟದಲ್ಲಿ ಎರಡು ಜಾತಿ. ತೂಕ ತಳದಲ್ಲಿದ್ದು ಸ್ಥಿರತೆ ಅತಿಯಾದ ಹಡಗು ವಾಲಿದ ಕೂಡಲೇ ಚಟಕ್ಕನೆ ನೆಟ್ಟಗಾಗುತ್ತದೆ. ಸುರಕ್ಷಿತವೇನೋ ಹೌದು, ಆದರೆ ಒಳಗಿದ್ದವರ ಮೈ ಕೀಲು ಕಳಚಿದಂತಾಗುತ್ತದೆ. ಸ್ಥಿರತೆ ಮಿತವಾಗಿದ್ದರೆ ಹಡಗು ನಿಧಾನಕ್ಕೆ ವಾಲಿ ನಿಧಾನಕ್ಕೆ ಏಳುತ್ತದೆ. ನಾವಿಕರ ಒರಟು ಲೆಕ್ಕದಲ್ಲಿ, 32 ಮೀಟರ್ ಅಗಲದ ಹಡಗಿನ ಸ್ಥಿರತೆಯ ಅಳತೆ 4 ಮೀಟರ್ ಇದ್ದರೆ ಒಂದು ಪೂರ್ತಿ ಓಲಾಟಕ್ಕೆ 13 ಸೆಕೆಂಡು. 1 ಮೀಟರಿಗೆ ಇಳಿಸಿದರೆ 25 ಸೆಕೆಂಡಿಗೂ ಮಿಕ್ಕಿ. ತೊಟ್ಟಿಗಳಲ್ಲಿ ಎಷ್ಟು ನೀರು ತುಂಬಬೇಕು, ಯಾವುದರಲ್ಲಿ ತುಂಬಬೇಕು ಎಂಬುದರ ಮೂಲಕ ಮುಖ್ಯ ಅಧಿಕಾರಿ ಇದನ್ನು ಹತೋಟಿಯಲ್ಲಿಡುತ್ತಾನೆ. ಈ ಒಂದು ವಿಷಯದಲ್ಲಿ ದೊಡ್ಡ ಟ್ಯಾಂಕರಿನ ಒಡಲಿಗೆ ಪೂರ್ಣ ಅಂಕ ಕೊಡಬೇಕು. ಸಣ್ಣ ಹಡಗು ಎಷ್ಟೇ ಚುರುಕಾಗಿರಲಿ, ಮಳೆಗಾಲದ ಸಮುದ್ರದಲ್ಲಿ ಅದರೊಳಗೆ ಹೊಟ್ಟೆ ಕೊಯ್ದು ಹೊಲಿಯುವುದು ಯಾರಿಗೂ ಬೇಡದ ಕೆಲಸ.

ಎಲ್ಲ ವೈಫಲ್ಯವನ್ನೂ ಸಮುದ್ರದ ತಲೆಗೆ ಕಟ್ಟುವಂತಿಲ್ಲ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊರಿಕೊವನ್ನು ಬಡಿದ ಮೇಲೆ ಹೋದ ಕಂಫರ್ಟ್ ಸುಮಾರು 53 ದಿನಗಳಲ್ಲಿ ಒಳರೋಗಿಗಳಾಗಿ ಸೇರಿಸಿಕೊಂಡದ್ದು 300ಕ್ಕಿಂತ ಕಡಿಮೆ ಜನರನ್ನು, ದಿನಕ್ಕೆ ಆರರಂತೆ. ದ್ವೀಪದ ಆಸ್ಪತ್ರೆಗಳಿಂದ ರೋಗಿಯನ್ನು ಹಡಗಿಗೆ ಕಳಿಸುವ ಅನುಮತಿಯ ಸರಪಳಿಯೇ ಉದ್ದವಾಗಿತ್ತು. ಕೊರೊನಾ ಕಾಲದ ನ್ಯೂಯಾರ್ಕ್ ಇನ್ನೂ ವಿಚಿತ್ರ. 2020ರ ಮಾರ್ಚ್ 30ರಂದು ಕಂಫರ್ಟ್ ಮ್ಯಾನ್‌ಹಟನ್ನಿನ 90ನೆಯ ಧಕ್ಕೆಗೆ ಬಂತು. ಅದಕ್ಕೂ ಮುನ್ನ ಅಲ್ಲಿ ತುರ್ತಾಗಿ ಹೂಳೆತ್ತಬೇಕಾಯಿತು. ಜಗತ್ತಿನ ಸಿರಿವಂತ ಬಂದರೊಂದಕ್ಕೇ ಈ ಪಾಡು! ಮೊದಲು ಕೊರೊನಾ ಇಲ್ಲದವರಿಗೆ ಮಾತ್ರ ಎಂದರು. ಊರಿನಲ್ಲಿ ಬೇರೆ ರೋಗಿಗಳೇ ಇಲ್ಲವಾದಾಗ ನಿಯಮ ಬದಲಿಸಿದರು. ಸಾಲುಸಾಲು ಮಂಚಗಳ ತೆರೆದ ವಾರ್ಡುಗಳು ಗುಂಡೇಟು ಬಿದ್ದ ಸೈನಿಕರಿಗಾಗಿ ರಚಿಸಿದಂಥವು, ಸೋಂಕಿಗೆ ಹೇಳಿ ಮಾಡಿಸಿದ್ದಲ್ಲ. ಒಂದು ತಿಂಗಳಲ್ಲಿ ಚಿಕಿತ್ಸೆ ಪಡೆದವರು 182.

ಅಮೆರಿಕ ಪಾಠ ಕಲಿತಂತೆ ಕಾಣುತ್ತದೆ. ಅದು ಈಗ ಕಟ್ಟಿಸುತ್ತಿರುವ ‘ಬೆಥೆಸ್ಡಾ’ ವರ್ಗದ ವೈದ್ಯಕೀಯ ಹಡಗುಗಳು ಜೋಡಿ ಒಡಲಿನವು, ಹಗುರ, ವೇಗದವು, ಕಡಿಮೆ ಆಳದಲ್ಲೇ ತೇಲುವವು. ಹಾಸಿಗೆ ಬಹಳ ಕಡಿಮೆ. ಆದರೆ ಮರ್ಸಿ ಇಣುಕಿ ನೋಡಲೂ ಆಗದ ಬಂದರುಗಳ ಧಕ್ಕೆಗೆ ಇವು ನೇರ ಹೋಗಿ ನಿಲ್ಲಬಲ್ಲವು. 2023ರ ಕೊನೆಯಲ್ಲಿ ಗಾಜಾದ ಗಾಯಾಳುಗಳಿಗಾಗಿ ಫ್ರಾನ್ಸ್ ಕಳಿಸಿದ್ದು ಬಿಳಿ ಹಡಗನ್ನಲ್ಲ, ‘ಡಿಕ್ಸ್‌ಮೂಡ್’ ಎಂಬ ಬೂದುಬಣ್ಣದ ಯುದ್ಧನೌಕೆಯನ್ನು. ಅದು ಈಜಿಪ್ಟಿನ ಎಲ್ ಅರೀಶ್ ಧಕ್ಕೆಗೆ ಕಟ್ಟಿಕೊಂಡು ನಿಂತಿತು. ರೋಗಿಗಳು ಗಡಿ ದಾಟಿ ಆಂಬ್ಯುಲೆನ್ಸಿನಲ್ಲಿ ಬಂದರು. ದೋಣಿಯ ಸರ್ಕಸ್ಸೇ ಇಲ್ಲ.

ಭಾರತದ ಕೈಯಲ್ಲಿ ಏನಿದೆ? ಪೂರ್ಣಾವಧಿಯ ಆಸ್ಪತ್ರೆ ಹಡಗು ಇಲ್ಲ, ನಿಜ. ಆದರೆ 2004ರ ಸುನಾಮಿಯ ನಂತರ ಸಮುದ್ರತಳ ಅಳೆಯುವ ಸಮೀಕ್ಷಾ ಹಡಗು ‘ಐಎನ್‌ಎಸ್ ನಿರೂಪಕ್’ ಅನ್ನು ಆಸ್ಪತ್ರೆಯಾಗಿ ಬದಲಿಸಿ ಇಂಡೊನೇಷ್ಯಾದ ‘ಆಚೆ’ ಪ್ರಾಂತ್ಯಕ್ಕೆ ಕಳಿಸಲಾಯಿತು. ‘ಐಎನ್‌ಎಸ್ ಜಮುನಾ’ ಶ್ರೀಲಂಕಾಕ್ಕೆ ಹೋಯಿತು. ಆಗ ಇದನ್ನು ಇಲ್ಲದವರ ಹೊಂದಾಣಿಕೆ ಎಂದು ಹಲವರು ಕಂಡರು. ನನಗೆ ಅದು ಜಾಣತನವಾಗಿ ಕಾಣುತ್ತದೆ. ಸಮೀಕ್ಷಾ ಹಡಗಿನ ಬದುಕೇ ದಡದ ಹತ್ತಿರ, ಆಳವಿಲ್ಲದ ನೀರಿನಲ್ಲಿ. ಅದರ ಸಿಬ್ಬಂದಿ ಕೆಲಸದ ದಿನಗಳಲ್ಲೆಲ್ಲ ಸಮೀಕ್ಷಾ ದೋಣಿಗಳನ್ನು ಇಳಿಸುತ್ತಾರೆ, ಏರಿಸುತ್ತಾರೆ. ಕೊಕ್ಕೆಯ ಕೆಲಸ ಅವರ ಕೈಗೆ ಹತ್ತಿರುತ್ತದೆ. ಸುನಾಮಿ ಕಲಕಿದ ಬಂದರಿನಲ್ಲಿ ದಾರಿ ಎಲ್ಲಿದೆ ಎಂದು ಅಳೆದು ಹೇಳಬಲ್ಲವರೂ ಅವರೇ. ಕೋಲ್ಕತ್ತದ ಹಡಗುಕಟ್ಟೆ ಸಂಸ್ಥೆ ಕಟ್ಟಿಕೊಟ್ಟ ಹೊಸ ‘ಸಂಧಾಯಕ್’ ವರ್ಗದ ಹಡಗುಗಳು 110 ಮೀಟರ್ ಉದ್ದದವು, ಎರಡು ಪ್ರೊಪೆಲ್ಲರಿನವು, ಅಗತ್ಯ ಬಿದ್ದಾಗ ಆಸ್ಪತ್ರೆಯಾಗಿಯೂ ದುಡಿಯಬಲ್ಲವು. ಮೊದಲನೆಯದು 2024ರ ಫೆಬ್ರುವರಿಯಲ್ಲಿ ಸೇವೆಗೆ ಸೇರಿತು.

ಇನ್ನೊಂದು ‘ಐಎನ್‌ಎಸ್ ಜಲಾಶ್ವ’. 2007ರಲ್ಲಿ ಅಮೆರಿಕದಿಂದ ಕೊಂಡದ್ದು, ಅದಕ್ಕೂ ಮುಂಚೆ ಅಲ್ಲಿ ‘ಟ್ರೆಂಟನ್’ ಎಂಬ ಹೆಸರಿನಲ್ಲಿ 1971ರಿಂದ ದುಡಿದದ್ದು. ನಾಲ್ಕು ಶಸ್ತ್ರಚಿಕಿತ್ಸಾ ಕೊಠಡಿ, ಸಣ್ಣದೊಂದು ವಾರ್ಡು. 2020ರ ಮೇ ತಿಂಗಳಲ್ಲಿ ಮಾಲ್ಡೀವ್ಸಿನಿಂದ 698 ಮಂದಿಯನ್ನು ಕೊಚ್ಚಿಗೆ ತಂದ ಹಡಗು ಇದೇ. ಇದರ ಗುಟ್ಟು ಬಾಲದಲ್ಲಿದೆ: ಹಿಂಬಾಗಿಲು ತೆರೆದು, ತೊಟ್ಟಿಗಳಿಗೆ ನೀರು ತುಂಬಿ ಹಿಂಭಾಗವನ್ನು ತಗ್ಗಿಸಿದರೆ, ಹಡಗಿನ ಹೊಟ್ಟೆಯೊಳಗೇ ಒಂದು ಸಣ್ಣ ಬಂದರು ಸಿದ್ಧ. ದೋಣಿ ನೇರ ಒಳಗೆ ಬರುತ್ತದೆ. ಏಣಿ ಇಲ್ಲ, ಕೊಕ್ಕೆ ಇಲ್ಲ, ಹಾರುವ ಮಾತಿಲ್ಲ. ಮರಳು ದಡದಲ್ಲಿ ಹತ್ತಿಸಿಕೊಂಡ ಸ್ಟ್ರೆಚರನ್ನು ಹಡಗಿನೊಳಗೆ ಇಳಿಸಬಹುದು. ಆಸ್ಪತ್ರೆ ಹಡಗು ಎಂದರೆ ನಾವಿಕನೊಬ್ಬ ಕೇಳುವುದು ಇದನ್ನೇ. ಹಳೆಯದಾದ ಈ ಹಡಗಿನ ಜಾಗಕ್ಕೆ ಅದೇ ಬಗೆಯ ನಾಲ್ಕನ್ನು ಕಟ್ಟಿಸುವ ಯೋಜನೆ ಮಾತ್ರ ಒಂದು ದಶಕಕ್ಕೂ ಮೀರಿ ಟೆಂಡರ್ ಕಡತಗಳ ನಡುವೆ ತೇಲುತ್ತಿದೆ. ಬಿಳಿ ಹಡಗು ಬೇಕು ಎಂದು ಕೂಗುವವರು ಈ ಕಡತದ ಬಗ್ಗೆ ಕೇಳಿದರೆ ಹೆಚ್ಚು ಉಪಯೋಗವಾದೀತು.

ಈ ಆಯ್ಕೆಗೆ ತೆರಬೇಕಾದ ಬೆಲೆಯೂ ಇದೆ. 1949ರ ಎರಡನೆಯ ಜಿನೀವಾ ಒಪ್ಪಂದದ ಪ್ರಕಾರ ಆಸ್ಪತ್ರೆ ಹಡಗಿನ ಮೈ ಬಿಳಿಯಾಗಿರಬೇಕು, ರೆಡ್ ಕ್ರಾಸ್‌ನಂಥ ಗುರುತು ದೊಡ್ಡದಾಗಿ ಕಾಣಬೇಕು, ಅದರ ಹೆಸರು ಮತ್ತು ವಿವರವನ್ನು ಬಳಕೆಗೆ 10 ದಿನ ಮೊದಲೇ ಎದುರಾಳಿಗೆ ತಿಳಿಸಿರಬೇಕು. ರಹಸ್ಯ ಸಂಕೇತಭಾಷೆ ಬಳಸುವಂತಿಲ್ಲ. ಶತ್ರು ಬಂದು ತಪಾಸಣೆ ಮಾಡಿದರೆ ಬಾಗಿಲು ತೆರೆಯಬೇಕು. ಸೈನ್ಯದ ಬೇರೆ ಯಾವ ಕೆಲಸಕ್ಕೂ ಬಳಸಕೂಡದು. ಇಷ್ಟೆಲ್ಲ ಪಾಲಿಸಿದರೂ ಖಾತರಿಯಿಲ್ಲ: ಇದಕ್ಕೂ ಹಿಂದಿನ, ಇಂಥದ್ದೇ ನಿಯಮಗಳ ಕಾಲದಲ್ಲಿ, 1943ರ ಮೇ 14ರಂದು ಆಸ್ಟ್ರೇಲಿಯಾದ ‘ಸೆಂಟಾರ್’ ದೀಪಗಳನ್ನು ಬೆಳಗಿಕೊಂಡೇ ಸಾಗುತ್ತಿದ್ದಾಗ ಜಪಾನಿನ ಜಲಾಂತರ್ಗಾಮಿ ಹೊಡೆದು ಮುಳುಗಿಸಿತು, 268 ಜನ ಸತ್ತರು. ಆದರೆ ಕಾನೂನು ನಡೆದ ಉದಾಹರಣೆಯೂ ಇದೆ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ ‘ಉಗಾಂಡಾ’ ಎಂಬ ಪ್ರಯಾಣಿಕ ಹಡಗನ್ನು ಆಸ್ಪತ್ರೆ ಮಾಡಿತು. ‘ಹೆಕ್ಲಾ’, ‘ಹೆರಾಲ್ಡ್’, ‘ಹೈಡ್ರಾ’ ಎಂಬ ಮೂರು ಸಮೀಕ್ಷಾ ಹಡಗುಗಳು ಅಲ್ಲಿಂದ ಗಾಯಾಳುಗಳನ್ನು ಉರುಗ್ವೆಯ ಮಾಂಟೆವಿಡಿಯೊಗೆ ಸಾಗಿಸಿದವು. ಎರಡೂ ಕಡೆಯವರು ಒಪ್ಪಿ ಸಮುದ್ರದ ಒಂದು ತುಂಡನ್ನು ಆಸ್ಪತ್ರೆ ಹಡಗುಗಳಿಗೆಂದು ಬಿಟ್ಟುಕೊಟ್ಟಿದ್ದರು.

ನಮ್ಮ ಸಂಧಾಯಕ್ ಯುದ್ಧಕಾಲದಲ್ಲಿ ಹೀಗೆ ಬಿಳಿಯಾಗಬಹುದೇ? ಆಗಬಹುದು, ಆದರೆ ಅಂದಿನಿಂದ ಸಮೀಕ್ಷೆ ಬಂದ್. ಸಮುದ್ರತಳದ ಮಾಹಿತಿ ಜಲಾಂತರ್ಗಾಮಿಗಳಿಗೆ ಪ್ರಾಣವಾಯು; ಅದು ಅತಿ ಹೆಚ್ಚು ಬೇಕಾಗುವುದೂ ಯುದ್ಧಕಾಲದಲ್ಲೇ. ಜಲಾಶ್ವವಂತೂ ಸೈನಿಕರನ್ನು ಶತ್ರುದಡಕ್ಕೆ ಇಳಿಸುವ ಹಡಗು, ಅದನ್ನು ಬಿಳಿಯಾಗಿಸುವ ಮಾತೇ ಬರುವುದಿಲ್ಲ. ಹಾಗಾಗಿ ಯುದ್ಧದ ಲೆಕ್ಕ ಹಾಕುವವರಿಗೆ ಒಂದು ಪ್ರತ್ಯೇಕ ಬಿಳಿ ಹಡಗು ಬೇಕೆನಿಸುವುದು ಸಹಜ. ನಾನು ಹಾಕುತ್ತಿರುವುದು ವಿಪತ್ತಿನ ಲೆಕ್ಕ, ಮತ್ತು ಅದರಲ್ಲಿಯೂ ಹಡಗಿಗೆ ಮಿತಿಯಿದೆ. 2025ರ ಮಾರ್ಚ್ 28ರಂದು ಮ್ಯಾನ್ಮಾರ್ ನಡುಗಿದಾಗ ಪೆಟ್ಟು ಬಿದ್ದದ್ದು ಒಳನಾಡಿನ ಮಂಡಲೆಗೆ. ನಮ್ಮ ನೌಕೆಗಳು ಯಾಂಗೂನಿಗೆ ಸಾಮಗ್ರಿ ಒಯ್ದವು. ಆಸ್ಪತ್ರೆ ಮಾತ್ರ ವಿಮಾನದಲ್ಲಿ ಹೋಯಿತು, ಸೇನೆಯ ಡೇರೆ ಆಸ್ಪತ್ರೆ.

ಹಡಗೇ ಬೇಕಾಗುವ ಜಾಗ ನಮ್ಮ ಕರಾವಳಿಯ ಎದುರಿಗೇ ಇದೆ. ಲಕ್ಷದ್ವೀಪಕ್ಕೆ ಅಕ್ಕಿ, ಜಲ್ಲಿ, ಇಟ್ಟಿಗೆ ಹೋಗುವುದು ಮಂಗಳೂರಿನ ಹಳೆ ಬಂದರಿನಿಂದಲೂ. ಹವಳದ ದಿಬ್ಬದ ಒಳಗೆ ಆಳವಿಲ್ಲದ ನೀರು, ಹೊರಗೆ ತೆರೆದ ಸಮುದ್ರ. ಹಲವು ದ್ವೀಪಗಳಲ್ಲಿ ದೊಡ್ಡ ಹಡಗು ಹೊರಗೇ ನಿಲ್ಲಬೇಕು. ಮುದುಕರನ್ನು, ಬಸುರಿಯರನ್ನು, ಕೂಸುಗಳನ್ನು ದೋಣಿಯಿಂದ ಹಡಗಿನ ಪಕ್ಕದ ಬಾಗಿಲಿಗೆ ದಾಟಿಸುವ ವಿದ್ಯೆಯನ್ನು ಅಲ್ಲಿನ ದೋಣಿಯವರು ಬಲ್ಲರು. ತೆರೆ ಎಣಿಸಿ, ಇದಲ್ಲ, ಮುಂದಿನದು ಎಂದು ತೋಳು ಹಿಡಿದು ಎತ್ತುವವರು. ಮುಂಗಾರು ಶುರುವಾದ ಮೇಲೆ ಅವರೂ ಎಷ್ಟೋ ದಿನ ಕೈಕಟ್ಟಿ ಕೂರುತ್ತಾರೆ, ಗಂಭೀರ ರೋಗಿಗೆ ಹೆಲಿಕಾಪ್ಟರೊಂದೇ ದಾರಿ. ಕಾರವಾರದ ಐಎನ್‌ಎಸ್ ಕದಂಬ ನೆಲೆಯಲ್ಲಿ ಹಡಗುಗಳಿವೆ, ಪಕ್ಕದಲ್ಲೇ ನೌಕಾಪಡೆಯ ಪತಂಜಲಿ ಆಸ್ಪತ್ರೆಯಿದೆ. ಪರಿಹಾರ ಕಾರ್ಯಾಚರಣೆಯ ಅಭ್ಯಾಸವನ್ನು ಸಮುದ್ರ ಕನ್ನಡಿಯಂತಿರುವ ಜನವರಿಯಲ್ಲಿ, ಅತಿಥಿಗಳ ಮುಂದೆ ಮಾಡುವುದು ಸುಲಭ. ಅದನ್ನು ಜುಲೈಗೆ ಇಡಬೇಕು. ಆ ದೋಣಿಯವರನ್ನು ಗುರುಗಳಾಗಿ ಕರೆಯಬೇಕು. ಸ್ಟ್ರೆಚರಿಗೆ ಮನುಷ್ಯರ ಬದಲು ಮರಳಿನ ಮೂಟೆ ಕಟ್ಟಿ, ಎಷ್ಟು ಮೀಟರಿನ ತೆರೆಯವರೆಗೆ ದಾಟಿಸಬಹುದು, ಎಲ್ಲಿಂದ ಆಚೆಗೆ ಆಗುವುದಿಲ್ಲ ಎಂಬುದನ್ನು ಬರೆದಿಡಬೇಕು. ಹೊಸ ಹಡಗಿನ ಒಡಲು, ಬಾಗಿಲಿನ ಎತ್ತರ, ದೋಣಿಗಳ ಸಂಖ್ಯೆ ಏನಿರಬೇಕೆಂದು ಕೇಳಿದಾಗ ಹಡಗುಕಟ್ಟೆಯ ಎಂಜಿನಿಯರಿಗೆ ಕೊಡಬೇಕಾದದ್ದು ಆ ಪಟ್ಟಿ.